ತೂಕ ಇಳಿಸುವುದು

ಮೆಹರ್ ಬಾನುವಿಗೆ ನಾಲ್ಕನೇ ತರಗತಿಯವರೆಗಿನ ಓದು ಇತ್ತು. ಅಷ್ಟೂ ಇಲ್ಲದೆ ಹೋಗಿದ್ದರೆ ತಮ್ಮನ ಕಾಲು ಒಂದೂವರೆ ತಿಂಗಳು ಮೊದಲೇ ನೆಟ್ಟಗಾಗುತ್ತಿತ್ತು ಎಂದು ಆಕೆ ಆಮೇಲೆ ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದುಂಟು. ಓದು ಬಾರದವರು ಇನ್ನೊಬ್ಬರನ್ನು ಕೇಳುತ್ತಾರೆ. ಅರ್ಧ ಓದು ಬಂದವರು ಕೇಳುವುದಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ ಅವಳದೂ ಒಂದಿತ್ತು. ಅಪ್ಪ ಕೆಮ್ಮಿ ಕೆಮ್ಮಿ ತೀರಿಕೊಂಡ ಮೇಲೆ ಭಟ್ಟಿಯ ಬೆಂಕಿ ಆರದಂತೆ ನೋಡಿಕೊಂಡವಳು ಅವಳೇ. ಗಂಡ ಲಾರಿ ಓಡಿಸುವವನು. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ತಮ್ಮ ಜಾಫರ್ ಅವಳಿಗಿಂತ ಹದಿನಾರು ವರ್ಷ ಚಿಕ್ಕವನು, ಅವಳ ಸೊಂಟದ ಮೇಲೆಯೇ ಬೆಳೆದವನು. ಈಗ ಇಪ್ಪತ್ತೆರಡರ ಗಟ್ಟಿ ಆಳು. ಕಬಡ್ಡಿಯಲ್ಲಿ ಎದುರಾಳಿಗಳ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವುದರಲ್ಲಿ ಊರಿಗೆಲ್ಲ ಹೆಸರಾದವನು. ಆದರೆ ಚಳಿ ಬಿತ್ತೆಂದರೆ ಅವನೂ ಅಪ್ಪನ ಹಾಗೆಯೇ ಕೆಮ್ಮಲು ಶುರು ಮಾಡಿದ್ದ. ಆ ಕೆಮ್ಮು ಕೇಳಿದಾಗಲೆಲ್ಲ ಮೆಹರ್ ಬಾನುವಿನ ಕೈ ಕೆಲಸದ ನಡುವೆ ನಿಂತುಬಿಡುತ್ತಿತ್ತು. ಇವನನ್ನು ಈ ಹೊಗೆಯಿಂದ ಆಚೆ ಹಾಕಬೇಕು ಎಂಬುದೊಂದೇ ಅವಳ ಆಸೆ. ಅದಕ್ಕೆ ಕಾಣುತ್ತಿದ್ದ ಬಾಗಿಲೂ ಒಂದೇ. ಹರಿಹರದ ಕಾರ್ಖಾನೆಯೊಂದು ತನ್ನ ಕಬಡ್ಡಿ ತಂಡಕ್ಕೆ ವರ್ಷಕ್ಕೆ ಇಬ್ಬರು ಮೂವರನ್ನು ಆರಿಸಿ, ಆಟದ ಜೊತೆಗೆ ಕೆಲಸವನ್ನೂ ಕೊಡುತ್ತಿತ್ತು. ಆ ಸಲದ ಆಯ್ಕೆ ೧೯೮೫ರ ಏಪ್ರಿಲ್ ಮೊದಲ ಭಾನುವಾರ ಎಂದು ಗೊತ್ತಾಗಿತ್ತು.

ಅದಕ್ಕೆ ಐದು ತಿಂಗಳಿರುವಾಗ, ನವೆಂಬರಿನಲ್ಲಿ, ಜಾಫರನ ಎಡಗಾಲು ಕೈಕೊಟ್ಟಿತು. ಮೂವರು ಹಿಂದಿನಿಂದ ಸೊಂಟ ಹಿಡಿದಿದ್ದರು. ನಡುಗೆರೆ ಮುಟ್ಟಲು ಎಡಗಾಲನ್ನು ಮುಂದಕ್ಕೆ ಚಾಚಿದ. ತೊಡೆಯ ಹಿಂದೆ ಹಳೇ ಬಟ್ಟೆ ಹರಿದ ಹಾಗೆ ಆಯಿತಂತೆ. ಗೆಳೆಯ ಕಲ್ಲಪ್ಪ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಂದು ಮನೆ ಬಾಗಿಲಲ್ಲಿ ಇಳಿಸಿದ. ಎರಡು ದಿನದಲ್ಲಿ ತೊಡೆಯ ಹಿಂಭಾಗ ಬದನೆಕಾಯಿ ಬಣ್ಣಕ್ಕೆ ತಿರುಗಿತು.

ನಬೀ ಸಾಬ್ ಚಾಚಾ ಬಂದರು. ಅಪ್ಪನ ತಮ್ಮ. ಗರಡಿಯ ಉಸ್ತಾದ್. ಊರಿನ ಅರ್ಧ ಜನರ ಉಳುಕು ತೆಗೆದ ಕೈ ಅವರದು.

“ನರ ಗಿಡ್ಡ ಆಗೈತೆ,” ಎಂದರು. “ಹಸೀ ತೊಗಲು ಇದ್ದಂಗೆ ಇದು. ಎಳೀಬೇಕು. ಎಳೆದ್ರೆ ಉದ್ದ ಆಗ್ತೈತೆ.”

ಒಂದು ತಿಂಗಳಿಡೀ ಎಳೆದರು. ಜಾಫರ್ ಕಾಲು ನೀಡಿ ಕೂತರೆ ಚಾಚಾ ಅವನ ಬೆನ್ನಿನ ಮೇಲೆ ಕೈಯೂರಿ ಮುಂದಕ್ಕೆ ಒತ್ತುವರು. ಎಳ್ಳೆಣ್ಣೆ ಕುಡಿದು ತೊಡೆ ಮಿರಮಿರ ಮಿಂಚುತ್ತಿತ್ತು. ಒತ್ತಿದಾಗ ಒಂದಿಷ್ಟು ಬಗ್ಗುತ್ತಿತ್ತು. ಬೆಳಗಾದರೆ ಮತ್ತೆ ಮೊದಲಿನ ಹಾಗೆ ಹಗ್ಗದ ಬಿಗಿ. ಕೂತು ಬಗ್ಗಿದರೆ ಬಲಗಾಲಿನ ಬೆರಳು ಕೈಗೆ ಸಿಗುತ್ತಿತ್ತು, ಎಡಗಾಲಿನದು ನಾಲ್ಕು ಬೆರಳು ದೂರ. ಮೆಹರ್ ಬಾನು ದಿನವೂ ತನ್ನ ಬೆರಳಿಟ್ಟು ಅಳೆಯುತ್ತಿದ್ದಳು. ನಾಲ್ಕು ನಾಲ್ಕೇ ಇತ್ತು.

ಡಿಸೆಂಬರಿನಲ್ಲಿ ಅವಳೇ ತಮ್ಮನನ್ನು ಪಿ.ಜೆ. ಬಡಾವಣೆಗೆ ಕರೆದುಕೊಂಡು ಹೋದಳು. ಅಲ್ಲೊಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೇರಳದ ಡಾಕ್ಟರಮ್ಮ ಒಬ್ಬರು ಕೈಕಾಲು ಬಿದ್ದವರಿಗೆ, ಮೂಳೆ ಮುರಿದವರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದರು. ಅವರ ಕನ್ನಡ ಅಷ್ಟಕ್ಕಷ್ಟೆ. ಅವರು ಹೇಳಿದ್ದನ್ನು ಕಂಪೌಂಡರ್ ಮುರುಗೇಶಪ್ಪ ಚೀಟಿಯಲ್ಲಿ ಬರೆದು ಕೊಡುವನು. ಅಂದು ಬೆಂಚಿನ ತುಂಬ ಜನ. ಡಾಕ್ಟರಮ್ಮ ಕಾಲು ಎತ್ತಿ ಇಳಿಸಿ ನೋಡಿ, ಏನೋ ಹೇಳಿ, ಮುಂದಿನವರನ್ನು ಕರೆದರು. ಮುರುಗೇಶಪ್ಪ ಚೀಟಿ ಕೈಗಿಟ್ಟ.

“ಬರೋ ಮಂಗಳವಾರ ಬರ್ರಿ. ಹೆಂಗೆ ಅಂತ ಡಾಕ್ಟ್ರು ಮಾಡಿ ತೋರಿಸ್ತಾರೆ.”

ಮೆಹರ್ ಬಾನು ರಸ್ತೆಯಲ್ಲೇ ನಿಂತು ಚೀಟಿ ಓದಿದಳು. ಅಕ್ಷರ ಮುತ್ತಿನಂತಿತ್ತು.

‘ತೂಕವನ್ನು ನಿಧಾನವಾಗಿ ಇಳಿಸಬೇಕು. ಅವಸರ ಮಾಡಬಾರದು. ವಾರಕ್ಕೆ ಮೂರು ದಿನ. ಎರಡು ತಿಂಗಳಲ್ಲಿ ಗುಣ ಕಾಣುತ್ತದೆ.’

ಆಮೇಲೆ ತಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕಾಲು ಕೆಟ್ಟ ಮೇಲೆ ಆಟವಿಲ್ಲದೆ ಕೂತು ತಿಂದು ಕೆನ್ನೆ ತುಂಬಿಕೊಂಡಿದ್ದ.

“ಸರಿಯಾಗೇ ಐತೆ ಅವರು ಬರ್ದಿರೋದು. ಇಷ್ಟು ದೊಡ್ಡ ಮೈ ಹೊತ್ಕೊಂಡು ಆ ಕಾಲು ಏನ್ ಮಾಡ್ತೈತೆ ಪಾಪ?”

“ಆಪಾ, ಮಂಗಳವಾರ ಬರಾಕೆ ಹೇಳ್ಯಾರೆ.”

“ಊಟ ಬಿಡೋದನ್ನ ಮಾಡಿ ತೋರಿಸೋದೇನೈತೋ? ಡಾಕ್ಟ್ರಮ್ಮ ನಮ್ಮೆದುರಿಗೆ ಉಪವಾಸ ಕೂಡ್ತಾರೇನು? ನಡಿ ನಡಿ.”

ವಾರಕ್ಕೆ ಮೂರು ದಿನ ಎಂದಿತ್ತಲ್ಲ, ಅದನ್ನೂ ಅವಳೇ ಬಗೆಹರಿಸಿದಳು. ಸೋಮವಾರ, ಗುರುವಾರ ರೋಜಾ ಉಪವಾಸ ಇಡುವುದು ಹೇಗೂ ಸುನ್ನತ್, ಪ್ರವಾದಿಯವರು ನಡೆದ ದಾರಿ. ಪುಣ್ಯಕ್ಕೆ ಪುಣ್ಯ, ಔಷಧಿಗೆ ಔಷಧಿ. ಮೂರನೆಯ ದಿನ ಯಾವುದು ಎಂಬ ಪ್ರಶ್ನೆ ಬಂದಾಗ ಕಲ್ಲಪ್ಪನೇ ದಾರಿ ತೋರಿಸಿದ.

“ನಾನು ಶನಿವಾರ ಹನುಮಪ್ಪಂದು ಒಪ್ಪೊತ್ತು ಇರ್ತೀನಲ್ರಿ ಬಾನಕ್ಕ. ಅವ್ನೂ ನನ್ ಜೊತಿಗೆ ಇರ್ಲಿ ಬಿಡ್ರಿ.”

“ಎರಡು ದಿನ ನಮ್ ಕಡೆಯಿಂದ, ಒಂದಿನ ನಿಮ್ ಕಡೆಯಿಂದ,” ಎಂದ ಜಾಫರ್. “ಕಾಲು ವಾಸಿ ಆಗದೇ ಎಲ್ಲಿಗೆ ಹೋಗ್ತೈತೆ?”

ಉಪವಾಸವಿಲ್ಲದ ದಿನಗಳಲ್ಲಿ ಕೂಡ ಮೆಹರ್ ಬಾನು ತಟ್ಟೆಯ ಮೇಲೆ ಕಣ್ಣಿಟ್ಟಳು. ಮೂರು ರೊಟ್ಟಿ ಒಂದಾಯಿತು. ಭಾನುವಾರದ ಮಾಂಸ ನಿಂತಿತು. ಹಸಿವೆಂದರೆ ಒಂದು ಬೊಗಸೆ ಮಂಡಕ್ಕಿ. ಭಟ್ಟಿಯ ಮನೆಯಲ್ಲಿ ಅದಕ್ಕೇನು ಬರ? ಹತ್ತಿರದ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಅವನನ್ನು ನಿಲ್ಲಿಸಿ ನೋಡಿದರೆ ಐದು ವಾರದಲ್ಲಿ ಏಳು ಕೆ.ಜಿ. ಇಳಿದಿದ್ದ. ಮೆಹರ್ ಬಾನುವಿಗೆ ಹೆಮ್ಮೆ. ಡಾಕ್ಟರು ಬರೆದದ್ದನ್ನು ಅಕ್ಷರ ತಪ್ಪದೆ ಮಾಡುವವರು ಈ ಊರಲ್ಲಿ ಎಷ್ಟು ಜನ ಇದ್ದಾರು?

ಸಂಕ್ರಾಂತಿ ಕಳೆದ ವಾರ ಜಾಫರ್ ಮತ್ತೆ ಮೈದಾನಕ್ಕೆ ಇಳಿದ. ಹಗುರವಾಗಿದ್ದೇನೆ, ಹಕ್ಕಿಯ ಹಾಗೆ ಹಾರುತ್ತೇನೆ ಎಂದುಕೊಂಡಿದ್ದ. ಎರಡನೆಯ ದಾಳಿಯಲ್ಲೇ, ಯಾರೂ ಹಿಡಿಯದಿದ್ದರೂ, ಬರೀ ಓಡುವಾಗ ಅದೇ ತೊಡೆ ಅದೇ ಜಾಗದಲ್ಲಿ ಮತ್ತೆ ಕಿತ್ತುಕೊಂಡಿತು. ಮೊದಲಿನಷ್ಟು ದೊಡ್ಡ ಗಾಯವಲ್ಲ. ಆದರೆ ಈ ಸಲ ಅವನು ನಗಲಿಲ್ಲ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ.

“ಬಿಡು ಆಪಾ. ಭಟ್ಟೀನೇ ನೋಡ್ಕೊಳ್ತೀನಿ. ಅಪ್ಪ ಮಾಡ್ಲಿಲ್ಲೇನು?”

ಮೆಹರ್ ಬಾನುವಿಗೆ ಆ ‘ಅಪ್ಪ ಮಾಡ್ಲಿಲ್ಲೇನು’ ಎಂಬ ಮಾತು ನುಂಗಲಾಗಲಿಲ್ಲ. ಏಪ್ರಿಲಿಗೆ ಇನ್ನು ಹನ್ನೊಂದು ವಾರವಿತ್ತು.

ನಾಲ್ಕು ದಿನದ ನಂತರ, ಬೆಳಗಿನ ಹೊತ್ತು, ಭಟ್ಟಿಯಲ್ಲಿ ಭತ್ತ ನೆನೆಹಾಕುವ ಕೆಲಸ ನಡೆದಿತ್ತು. ಅವರ ಭಟ್ಟಿಯ ತೊಟ್ಟಿ ನೆಲದೊಳಗೆ ತೋಡಿದ್ದು, ಸುತ್ತ ಮೊಣಕಾಲೆತ್ತರದ ಕಟ್ಟೆ. ಭತ್ತ ತುಂಬಿದ ಬುಟ್ಟಿಯನ್ನು ಆ ಕಟ್ಟೆಯಾಚೆ ನೀರಿಗೆ ಇಳಿಸಬೇಕು. ಮಂಡಿ ಮುಂದಕ್ಕೆ ಬಗ್ಗಿಸಲು ಕಟ್ಟೆ ಬಿಡುವುದಿಲ್ಲ, ಸೊಂಟದಿಂದಲೇ ಬಾಗಬೇಕು. ಧೊಪ್ಪೆಂದು ಬಿಟ್ಟರೆ ಭತ್ತವೆಲ್ಲ ಚೆಲ್ಲಿ ತಳ ಸೇರುತ್ತದೆ. ಈ ಕೆಲಸ ಇಪ್ಪತ್ತು ವರ್ಷದಿಂದ ದುರುಗಮ್ಮನದು. ಅಳೆದು ತುಂಬಿದ ಒಂದು ಬುಟ್ಟಿಗೆ ಅವರಲ್ಲಿ ‘ಒಂದು ತೂಕ’ ಎನ್ನುವುದು ರೂಢಿ. ‘ಇವತ್ತು ಎಷ್ಟು ತೂಕ ಆಯ್ತು?’ ಎಂದರೆ ಎಷ್ಟು ಬುಟ್ಟಿ ಎಂದೇ ಅರ್ಥ.

ಅಂದು ದುರುಗಮ್ಮನಿಗೆ ಯಾವುದೋ ಮದುವೆಗೆ ಹೋಗುವ ಆತುರ. ಬುಟ್ಟಿ ಕೈಜಾರಿ ಅರ್ಧದಿಂದ ಬಿತ್ತು. ನೀರು ಮೆಹರ್ ಬಾನುವಿನ ಮುಖಕ್ಕೆ ಹಾರಿತು.

“ದುರುಗವ್ವಾ! ತೂಕ ನಿಧಾನಕ್ಕೆ ಇಳಿಸೇ! ಅವಸರ ಮಾಡಬ್ಯಾಡ!”

ಬಾಯಿಂದ ಮಾತು ಹೊರಬಿದ್ದ ಮೇಲೆ ಅವಳು ಹಾಗೇ ನಿಂತಳು. ಸೆರಗಿನಿಂದ ಮುಖ ಒರೆಸಿಕೊಳ್ಳಲು ಎತ್ತಿದ ಕೈ ಕೆನ್ನೆಯ ಹತ್ತಿರವೇ ಉಳಿಯಿತು. ಆಮೇಲೆ ಒಳಗೆ ಹೋಗಿ, ಕುರಾನ್ ಇಡುವ ಗೂಡಿನ ಕೆಳಗೆ ಮಡಿಸಿಟ್ಟಿದ್ದ ಚೀಟಿ ತೆಗೆದು ಮತ್ತೆ ಓದಿದಳು. ‘ತೂಕವನ್ನು ನಿಧಾನವಾಗಿ ಇಳಿಸಬೇಕು. ಅವಸರ ಮಾಡಬಾರದು.’

“ಬಾನಮ್ಮಾ, ಏನಾತು?” ಎಂದು ದುರುಗಮ್ಮ ಹೊರಗಿನಿಂದ ಕೂಗಿದಳು. “ಒಂದು ತೂಕ ಚೆಲ್ಲಿದ್ದಕ್ಕೆ ಹಿಂಗ್ಯಾಕ ಒಳಗೆ ಹೋಗಿ ಕುಂತೆ?”

ಮೆಹರ್ ಬಾನು ಬುರ್ಖಾ ತೊಟ್ಟು ಆಗಲೇ ಪಿ.ಜೆ. ಬಡಾವಣೆಯ ಕಡೆ ನಡೆದಿದ್ದಳು.

ಮುರುಗೇಶಪ್ಪ ಚೀಟಿ ನೋಡಿ, ಅವಳ ಮಾತು ಕೇಳಿ, ಮೊದಲು ನಗಬಾರದೆಂದು ತುಟಿ ಕಚ್ಚಿಕೊಂಡ. ಆಮೇಲೆ ಆಗಲಿಲ್ಲ.

“ಏಳು ಕೆ.ಜಿ.ನಾ? ಅಯ್ಯೋ ನಮ್ಮಕ್ಕ! ಕಬಡ್ಡಿ ಆಡೋ ಹುಡುಗನ್ನ ಉಪವಾಸ ಕೆಡವಿದ್ರಾ? ಕೈಯಾಗೆ ಭಾರ ಹಿಡ್ಕೊಂಡು ಅದನ್ನ ನಿಧಾನ ಕೆಳಗಿಳಿಸ್ಬೇಕು ಅಂತ ಬರ್ದಿದ್ದು ನಾನು.”

“ಹಂಗಂತ ಬರೀಬೇಕಾಗಿತ್ತು!”

“ಹಂಗಂತಾನೇ ಬರ್ದೀನಲ್ರಿ!”

ಇಬ್ಬರೂ ಚೀಟಿ ನೋಡಿದರು. ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ಒಳಗಿನಿಂದ ಡಾಕ್ಟರಮ್ಮ ಬಂದರು. ವಿಷಯ ತಿಳಿದು ಅವರು ನಗಲಿಲ್ಲ. ಮಂಗಳವಾರ ಯಾಕೆ ಬರಲಿಲ್ಲ ಎಂದಷ್ಟೇ ಕೇಳಿದರು. ಮೆಹರ್ ಬಾನು ತಲೆ ತಗ್ಗಿಸಿದಳು. ಡಾಕ್ಟರಮ್ಮ ಮೇಜಿನ ಮೇಲಿದ್ದ ಎರಡು ದಪ್ಪ ಪುಸ್ತಕಗಳನ್ನು ಕೈಯಲ್ಲಿ ಹಿಡಿದು, ಮಂಡಿ ಹೆಚ್ಚು ಮಡಿಸದೆ, ಬೆನ್ನು ನೇರ ಇಟ್ಟು, ಸೊಂಟದಿಂದ ಮೆಲ್ಲನೆ ಬಾಗಿ ತೋರಿಸಿದರು. ಕೆಳಗೆ ಮುಟ್ಟಲು ಐದು ಎಣಿಸುವಷ್ಟು ಹೊತ್ತು ತೆಗೆದುಕೊಂಡರು. ಅವರು ಅರ್ಧ ಮಲಯಾಳದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮುರುಗೇಶಪ್ಪ ಈ ಸಲ ಬರೆಯದೆ ಬಾಯಲ್ಲೇ ಹೇಳಿದ:

“ಭಾರ ಎತ್ತುವಾಗ ತೊಡೆ ಹಿಂದಿನ ಮಾಂಸ ಗಿಡ್ಡ ಆಗ್ತಾ ಕೆಲಸ ಮಾಡ್ತೈತಂತೆ. ಇಳಿಸುವಾಗ ಭಾರ ಹಿಡ್ಕೊಂಡೇ ಉದ್ದ ಆಗ್ತಾ ಕೆಲಸ ಮಾಡ್ತೈತೆ. ಈ ಹುಡುಗಂದು ಹರಿಯೋದು ಕಾಲು ಚಾಚಿದಾಗ, ಅಂದ್ರೆ ಮಾಂಸ ಉದ್ದ ಆದಾಗ. ಉದ್ದ ಇದ್ದಾಗ್ಲೂ ಗಟ್ಟಿ ಇರೋದನ್ನ ಅದಕ್ಕೆ ಕಲಿಸ್ಬೇಕು. ಬರೀ ಎಳೆದ್ರೆ ಬಗ್ಗುತ್ತೆ, ಗಟ್ಟಿ ಆಗಲ್ಲ. ಇಳಿಸ್ತಾ ಹೋದ್ರೆ ಗಟ್ಟೀನೂ ಆಗ್ತೈತೆ, ಬಗ್ಗೋದೂ ಜಾಸ್ತಿ ಆಗ್ತೈತೆ. ಎರಡು ವಾರ ಬಿಟ್ಟು ಶುರು ಮಾಡ್ಲಿ, ಸಣ್ಣ ಭಾರದಿಂದ. ಮೊದ್ಲೆರಡು ದಿನ ನೋಯ್ತೈತೆ, ಹೆದರಬ್ಯಾಡ್ರಿ. ಅದಕ್ಕೇ ದಿನ ಬಿಟ್ಟು ದಿನ. ಮತ್ತೆ... ಹೊಟ್ಟಿ ತುಂಬ ಊಟ ಹಾಕ್ರಿ ಅಂತಾರೆ.”

ಅಂದು ಮೆಹರ್ ಬಾನು ಕಡೆಯ ಮಾತನ್ನು ಮೊದಲು ಪಾಲಿಸಿದಳು. ತಟ್ಟೆಯಲ್ಲಿ ನಾಲ್ಕು ರೊಟ್ಟಿ ನೋಡಿ ಜಾಫರ್ ಗಾಬರಿಯಾದ.

“ಯಾರು ಸತ್ರು ಆಪಾ?”

“ನನ್ ಬುದ್ಧಿ ಸತ್ತಿತ್ತು. ಉಣ್ಣು.”

ಫೆಬ್ರವರಿಯ ಮೊದಲ ವಾರ ತೊಟ್ಟಿಯ ಕಟ್ಟೆಯ ಬಳಿ ಕೆಲಸ ಶುರುವಾಯಿತು. ಡಾಕ್ಟರಮ್ಮ ಹೇಳಿದ್ದಕ್ಕೆ ಬೇಕಾದದ್ದೆಲ್ಲ ಭಟ್ಟಿಯಲ್ಲೇ ಇತ್ತು. ಭತ್ತದ ಬದಲು ಕಾಲು ಬುಟ್ಟಿ ಮರಳು, ನೀರಿಲ್ಲದ ಖಾಲಿ ತೊಟ್ಟಿ. ಜಾಫರ್ ಬಾಗಿ ಬುಟ್ಟಿಯನ್ನು ಐದು ಎಣಿಸುತ್ತ ಇಳಿಸಬೇಕು. ಮೇಲೆತ್ತುವ ಕೆಲಸ ಅವನದಲ್ಲ. ಬುಟ್ಟಿಯ ಒಂದೊಂದು ಕಿವಿ ಹಿಡಿದು ಮೆಹರ್ ಬಾನು ಮತ್ತು ದುರುಗಮ್ಮ ಎತ್ತಿ ಮತ್ತೆ ಅವನ ಕೈಗೆ ಕೊಡುವರು.

“ಇಳಿಸೋನು ಗಂಡಸು, ಎತ್ತೋರು ಹೆಂಗಸ್ರು,” ಎಂದಳು ದುರುಗಮ್ಮ. “ಇದ್ಯಾವೂರ ವ್ಯಾಯಾಮನಪ್ಪ? ಕಾರ್ಖಾನೇಲಿ ನಮಗೂ ಎರಡು ಕೆಲಸ ಕೇಳು ಮತ್ತೆ.”

ಮೂರನೆಯ ದಿನ ಜಾಫರ್ ಗೋಡೆ ಹಿಡಿದು ನಡೆದ. ತೊಡೆ ಮುಟ್ಟಿದರೆ ಕೂಗುವಂತಿತ್ತು. ನಬೀ ಸಾಬ್ ಚಾಚಾ ಬಂದದ್ದು ಅಂದೇ.

“ನಾ ಹೇಳಿರ್ಲಿಲ್ಲೇನು? ಭಾರ ಹೊತ್ತೋರ ನರ ಗಿಡ್ಡ ಆಗ್ತಾವೆ. ಮೂವತ್ತು ವರ್ಷ ಗರಡಿ ನಡ್ಸೀನಿ. ಪೈಲ್ವಾನ್ರನ್ನ ನೋಡು, ಗೂಟ ಇದ್ದಂಗೆ ಇರ್ತಾರೆ. ಗಟ್ಟಿ ಆದ್ರೆ ಬಿಗಿ ಆಗ್ಲೇಬೇಕು. ಕಬ್ಬಿಣ ಗಟ್ಟಿ, ಬಗ್ಗುತ್ತೇನು?”

ಮೆಹರ್ ಬಾನು ಹಿರಿಯರ ಮಾತಿಗೆ ಎದುರಾಡುವವಳಲ್ಲ. ಅವರಿಗೆ ಚಹಾ ಕೊಟ್ಟಳು. ಆಮೇಲೆ ತೊಟ್ಟಿಯ ಕಡೆ ನೋಡಿದಳು.

“ಚಾಚಾ, ಇಪ್ಪತ್ತು ವರ್ಷದಿಂದ ದಿನಕ್ಕೆ ಐವತ್ತು ತೂಕ ಇಳಿಸ್ತಾಳೆ ದುರುಗವ್ವ. ಅವಳ ನರ ಎಷ್ಟು ಗಿಡ್ಡ ಆಗಿರಬೇಕು?”

“ಎಷ್ಟಾದ್ರೂ ಆಗಿರ್ತಾವೆ.”

“ದುರುಗವ್ವಾ, ಮಂಡಿ ಬಗ್ಗಿಸದಂಗೆ ನೆಲ ಮುಟ್ಟು ನೋಡಾನ.”

ಐವತ್ತು ದಾಟಿದ ದುರುಗಮ್ಮ ಸೀರೆಯ ಕಚ್ಚೆ ಸರಿ ಮಾಡಿಕೊಂಡು ಬಾಗಿದಳು. ಬೆರಳು ಮುಟ್ಟಿತು, ಆಮೇಲೆ ಎರಡೂ ಅಂಗೈ ನೆಲದ ಮೇಲೆ ರೊಟ್ಟಿ ತಟ್ಟಿದ ಹಾಗೆ ಕೂತವು. ತಲೆ ಕೆಳಗಾಗಿಯೇ ಕೇಳಿದಳು:

“ಇನ್ನೂ ಎಷ್ಟೊತ್ತು ಇರ್ಬೇಕ್ರಿ ಸಾಬ್ರೆ? ಹಂಗೇ ಒಂದಿಷ್ಟು ಸಗಣಿ ಸಾರಿಸ್ಲಾ?”

ಚಾಚಾ ಚಹಾದ ಲೋಟ ಕೆಳಗಿಟ್ಟು ಎದ್ದರು. ಗರಡಿಯ ಉಸ್ತಾದರಲ್ಲವೆ, ಸುಮ್ಮನಿರಲಾಗಲಿಲ್ಲ. ಉಸಿರು ಬಿಗಿಹಿಡಿದು ಬಾಗಿದರು. ಕೈ ಮೊಣಕಾಲಿನಿಂದ ಒಂದು ಗೇಣು ಕೆಳಗಿಳಿದು ನಿಂತಿತು. ಹಿಂದಿನಿಂದ ಏನೋ ಸದ್ದೂ ಬಂತು. ಜಾಫರ್ ಗೋಡೆಯ ಕಡೆ ತಿರುಗಿದ. ಯಾರೂ ನಗಲಿಲ್ಲ, ನಗದೇ ಇರಲು ಎಲ್ಲರೂ ಬಹಳ ಕಷ್ಟಪಟ್ಟರು.

“ಹೆಂಗಸ್ರ ಮೈ ಬ್ಯಾರೆ,” ಎಂದರು ಚಾಚಾ, ನೆಟ್ಟಗಾಗಿ. ಆದರೆ ಹೋಗಲಿಲ್ಲ. ಕೂತು ಆ ದಿನದ ಕೆಲಸ ಪೂರ್ತಿ ನೋಡಿದರು. ಮುಂದಿನ ಸಲ ಅವರೇ ಎಣಿಸಲು ನಿಂತರು. ‘ಏಕ್... ದೋ...’ ಎಂದು ಅವರು ಎಳೆದೆಳೆದು ಎಣಿಸುವುದರಿಂದ ಐದು ಎಣಿಕೆ ಹತ್ತರಷ್ಟಾಗುತ್ತಿತ್ತು. ಜಾಫರ್ ಅವರಿಗೆ ಮನಸ್ಸಿನಲ್ಲೇ ಶಾಪ ಹಾಕಿದ.

ನೋವು ಎರಡು ವಾರಕ್ಕೆ ಕಡಿಮೆಯಾಯಿತು. ಕಾಲು ಬುಟ್ಟಿ ಅರ್ಧವಾಯಿತು, ಅರ್ಧ ಮುಕ್ಕಾಲಾಯಿತು. ಶುಕ್ರವಾರ ಶುಕ್ರವಾರ ಮೆಹರ್ ಬಾನು ತಮ್ಮನನ್ನು ಕಾಲು ನೀಡಿ ಕೂರಿಸಿ ಬೆರಳಿಟ್ಟು ಅಳೆದಳು. ಮೊದಲ ಎರಡು ವಾರ ನಾಲ್ಕು ಬೆರಳು ಕದಲಲಿಲ್ಲ. ಮೂರನೆಯ ವಾರ ಮೂರೂವರೆ. ಅದು ತನ್ನ ಬೆರಳು ಸರಿಯಾಗಿ ಇಡದ ತಪ್ಪೋ ಎಂದು ಎರಡು ಸಲ ಅಳೆದಳು. ಮಾರ್ಚಿನ ನಡುವೆ ಎಡಗೈ ಎಡಗಾಲಿನ ಬೆರಳನ್ನು ಹಿಡಿಯಿತು. ಯಾರೂ ಬೆನ್ನು ಒತ್ತಿರಲಿಲ್ಲ. ಮಾರನೆಯ ದಿನ ಬೆಳಗ್ಗೆ ಅಳೆದರೂ ಹಾಗೆಯೇ ಇತ್ತು. ಎಣ್ಣೆ ಹಚ್ಚಿ ಎಳೆದಾಗಿನಂತೆ ಕಳೆದುಹೋಗಿರಲಿಲ್ಲ. ಡಾಕ್ಟರಮ್ಮ ನೋಡಿ, ಇನ್ನು ಮೇಲೆ ಕಡೆಯ ಏಳೆಂಟು ಬುಟ್ಟಿ ಎಡಗಾಲೊಂದರ ಮೇಲೆಯೇ ನಿಂತು ಇಳಿಸಲಿ ಎಂದರು. ಮೊದಲ ದಿನ ಅವನು ಕೊಕ್ಕರೆಯ ಹಾಗೆ ಓಲಾಡಿದ. ಕಲ್ಲಪ್ಪ ಭುಜ ಹಿಡಿದುಕೊಂಡ. ವಾರ ಕಳೆದ ಮೇಲೆ ಹಿಡಿಯುವವರು ಬೇಕಾಗಲಿಲ್ಲ.

ಏಪ್ರಿಲಿನ ಭಾನುವಾರ ಬಂತು. ಹರಿಹರದ ಅಂಗಡಿಯೊಂದಕ್ಕೆ ಮಂಡಕ್ಕಿ ಚೀಲ ಮುಟ್ಟಿಸುವ ನೆಪ ಮಾಡಿಕೊಂಡು ಮೆಹರ್ ಬಾನು ದುರುಗಮ್ಮನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ಕಾರ್ಖಾನೆಯ ಮೈದಾನದಲ್ಲಿ ಗಂಡಸರದೇ ಗುಂಪು. ಇಬ್ಬರೂ ಬೇಲಿಯ ಪಕ್ಕದ ಬೇವಿನ ಮರದಡಿ ನಿಂತರು. ಅದೇ ನೆರಳಿನ ಇನ್ನೊಂದು ತುದಿಗೆ ಒಂದು ಬೆಂಚು, ಒಂದು ಮೇಜು. ಅಲ್ಲಿ ಕಾರ್ಖಾನೆಯ ಆಫೀಸರೊಬ್ಬರು ಮತ್ತು ಕನ್ನಡಕದ ಡಾಕ್ಟರೊಬ್ಬರು ಕೂತಿದ್ದರು. ನಬೀ ಸಾಬ್ ಚಾಚಾ ಬಿಳಿ ಟೋಪಿ ಹಾಕಿಕೊಂಡು ಅವರ ಹಿಂದೆಯೇ ನಿಂತಿದ್ದರು, ಯಾರೂ ಕರೆಯದಿದ್ದರೂ.

ನಲವತ್ತು ಜನ ಬಂದಿದ್ದರು. ಬೇಕಾದವರು ಮೂವರು. ಜಾಫರನ ಸರದಿ ಬರುವಾಗ ಬಿಸಿಲು ನೆತ್ತಿಗೇರಿತ್ತು. ಮೊದಲ ದಾಳಿಯಲ್ಲಿ ಒಬ್ಬನನ್ನು ಮುಟ್ಟಿ ಬಂದ. ಎರಡನೆಯದರಲ್ಲಿ ಬರಿಗೈ. ಎಡಗಾಲನ್ನು ಪೂರ್ತಿ ಚಾಚದೆ ಆಡುತ್ತಿದ್ದಾನೆ ಎಂಬುದು ಮೆಹರ್ ಬಾನುವಿಗೆ ಅಷ್ಟು ದೂರದಿಂದಲೂ ತಿಳಿಯಿತು. ಆ ಕಾಲು ಏನು ಮಾಡಬಲ್ಲದು ಎಂದು ಬೆರಳಿಟ್ಟು ಅಳೆದವಳು ಅವಳು. ಅವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಮೂರನೆಯ ದಾಳಿಯಲ್ಲಿ ಹಿಡಿದರು. ಒಬ್ಬ ಬಲಗಾಲಿಗೆ ಬಿದ್ದ, ಇಬ್ಬರು ಸೊಂಟ ಸುತ್ತಿಕೊಂಡರು. ಜಾಫರ್ ಮೂವರನ್ನೂ ಎಳೆದುಕೊಂಡು ಒಂದು ಮಾರು ಬಂದ. ನಡುಗೆರೆ ಇನ್ನೂ ಆಚೆಗಿತ್ತು. ಬಾಯಲ್ಲಿ ‘ಕಬಡ್ಡಿ ಕಬಡ್ಡಿ’ ಸಣ್ಣಗಾಗುತ್ತಿತ್ತು. ಉಸಿರು ಮುಗಿಯುತ್ತ ಬಂದಿದೆ. ಉಳಿದದ್ದು ಒಂದೇ, ನವೆಂಬರಿನಲ್ಲಿ ಮಾಡಿದ್ದು.

ದುರುಗಮ್ಮ ಕಣ್ಣು ಮುಚ್ಚಿಕೊಂಡಳು. ಮೆಹರ್ ಬಾನು ಮುಚ್ಚಲಿಲ್ಲ.

ಎಡಗಾಲು ಮುಂದಕ್ಕೆ ಹೋಯಿತು. ಮೈ ಅದರ ಮೇಲೆ ಬಾಗಿತು. ಮೂವರ ಭಾರ ಹಿಂದಕ್ಕೆ ಜಗ್ಗುತ್ತಿರಲು ಕಾಲು ಇನ್ನೂ ಹೋಯಿತು, ಇನ್ನೂ ಒಂದಿಷ್ಟು, ನೆಲಕ್ಕೆ ಅಂಟಿಕೊಂಡು ಜಾರಿ, ಹಿಮ್ಮಡಿ ಸುಣ್ಣದ ಗೆರೆಯನ್ನು ಒರೆಸಿತು. ಸೀಟಿ ಮೊಳಗಿತು. ಹಿಡಿದವರು ಮೂವರೂ ಔಟು.

ಜಾಫರ್ ನೆಲದಲ್ಲೇ ಕೂತು ತೊಡೆಯ ಹಿಂದೆ ಕೈ ಹಾಕಿ ತಡಕಾಡಿದ, ಕಳೆದುಹೋದ ವಸ್ತು ಹುಡುಕುವವನ ಹಾಗೆ. ಆಮೇಲೆ ಎದ್ದು ಮಣ್ಣು ಕೊಡವಿಕೊಂಡ.

ಆದರೆ ಆಫೀಸರ ಮುಖ ಅರಳಲಿಲ್ಲ. ಅವರು ಹೆಸರಿನ ಪಟ್ಟಿಯ ಮೇಲೆ ಪೆನ್ನು ಆಡಿಸುತ್ತ ಡಾಕ್ಟರಿಗೆ ಹೇಳಿದ್ದು ಮರದಡಿಯ ಹೆಂಗಸರಿಗೂ ಕೇಳಿಸಿತು. “ಆಟ ಸರಿ ಐತ್ರಿ. ಆದ್ರೆ ದಾವಣಗೆರೆಯ ಈ ಹುಡುಗಂದು ಒಂದು ಕಾಲು ಹೋಗೈತೆ ಅಂತ ಸುದ್ದಿ. ತಗೊಂಡ ಮೇಲೆ ಬೆಂಚಿನ ಮೇಲೆ ಕೂಡೋ ಆಳು ನಮಗ್ಯಾಕೆ? ಒಂದ್ಸಲ ನೋಡ್ರಿ.”

ಜಾಫರನನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿದರು. ಡಾಕ್ಟರು ಮಂಡಿ ಮಡಿಸದೆ ಒಂದು ಕಾಲನ್ನು ಮೇಲಕ್ಕೆ ಎತ್ತಿದರು. ಅದು ಗೋಡೆಯ ಹಾಗೆ ನೆಟ್ಟಗೆ ನಿಂತು, ತುಸು ಎದೆಯ ಕಡೆಗೂ ಬಂತು. ಇನ್ನೊಂದನ್ನು ಎತ್ತಿದರು. ಅದು ಸ್ವಲ್ಪ ಮೊದಲೇ ನಿಂತಿತು. ಹಿಮ್ಮಡಿ ಹಿಡಿದು, ಕೆಳಗೆ ಒತ್ತು ಎಂದು ಬಲ ನೋಡಿದರು.

“ಹೂಂ. ಬಲಗಾಲು ಒಂಚೂರು ಬಿಗಿ ಐತೆ. ಪೆಟ್ಟಾಗಿದ್ದು ಬಲಗಾಲಿಗೇನಪ್ಪ?”

ಚಾಚಾ ಬಾಯಿ ತೆರೆದರು. ಅವರು ಏನು ಹೇಳುತ್ತಾರೋ ಎಂದು ಮೆಹರ್ ಬಾನು ಬೇಲಿಯ ತಂತಿ ಹಿಡಿದುಕೊಂಡಳು. ಹೂಂ ಎಂದರೆ ಸುಳ್ಳು, ಅಲ್ಲ ಎಂದರೆ ಕೆಲಸಕ್ಕೆ ಕಲ್ಲು. ಆದರೆ ಜಾಫರ್ ಮಲಗಿದ್ದಲ್ಲಿಂದಲೇ ಹೇಳಿಬಿಟ್ಟ.

“ಅಲ್ಲ ಸಾರ್. ಎಡಗಾಲು. ಎರಡು ಸಲ ಹರಿದೈತೆ. ನವೆಂಬರ್‌ನಾಗೊಂದ್ಸಲ, ಜನವರಿನಾಗೊಂದ್ಸಲ.”

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಎಡಗಾಲನ್ನು ಮತ್ತೆ ಎತ್ತಿದರು. ಮತ್ತೆ ಬಲ ನೋಡಿದರು. ತೊಡೆಯ ಹಿಂದೆ ಬೆರಳಿಂದ ಒತ್ತಿ ಗಾಯದ ಗಂಟು ಹುಡುಕಿದರು. ಸಿಕ್ಕಿತು, ಸುಳ್ಳಲ್ಲ.

“ಈ ಕಾಲೇನೋ?”

“ಅದೇ ಸಾರ್.”

“ಆಯ್ತು ಹಂಗಾದ್ರೆ,” ಎಂದರು ಡಾಕ್ಟರು ಆಫೀಸರ ಕಡೆ ತಿರುಗಿ. “ಇವನ ಕೆಟ್ಟ ಕಾಲಿಗಿಂತ ಒಳ್ಳೆ ಕಾಲು ನಿಮ್ಮ ಟೀಮಿನಾಗೆ ಯಾರಿಗೂ ಇಲ್ಲ. ಬೇಕಾದ್ರೆ ಬಲಗಾಲಿಗೂ ಒಂದ್ಸಲ ಪೆಟ್ಟು ಮಾಡಿಸ್ರಿ, ಅದೂ ಸರಿ ಹೋಗ್ಲಿ.”

ಆಫೀಸರು ನಕ್ಕು ಹೆಸರು ಬರೆದರು. ಆರು ತಿಂಗಳು ಟೆಂಪರರಿ, ಆಮೇಲೆ ಆಟ ನೋಡಿ ಕಾಯಂ, ಮುಂದಿನ ಸೋಮವಾರ ಗೇಟಿನಲ್ಲಿ ಬಂದು ಕಾಣಬೇಕು.

ಜಾಫರ್ ಬೇಲಿಯ ಹತ್ತಿರ ಬಂದು ನಿಂತ. ದುರುಗಮ್ಮ ಅವನ ಕೆನ್ನೆ ಮುಟ್ಟಿ ಲಟಿಗೆ ಮುರಿದಳು. ಮೆಹರ್ ಬಾನು ತಂತಿಯಿಂದ ಕೈ ಬಿಡಿಸಿಕೊಂಡಳು. ಅಂಗೈಯಲ್ಲಿ ತುಕ್ಕು ಹತ್ತಿತ್ತು. ಬುರ್ಖಾದ ಅಂಚಿನಲ್ಲಿ ಒರೆಸಿಕೊಂಡು ತಮ್ಮನ ಮುಖ ನೋಡಿದಳು.

“ಯಾವ ಪಾಳಿ ಅಂತ ಕೇಳಿದ್ಯಾ?”

“ಇಲ್ಲ ಆಪಾ.”

“ಯಾವ ಕೆಲಸ ಅಂತ?”

“ಕೇಳ್ಲಿಲ್ಲ.”

“ಒಳಗೆ ಹೊಗೆ ಐತೋ ಇಲ್ಲೋ ಅಂತನಾದ್ರೂ ಕೇಳಿದ್ಯೇನೋ? ಹೋಗು, ಅವರು ಎದ್ದು ಹೋಗೋದ್ರಾಗೆ ಕೇಳ್ಕೊಂಡು ಬಾ.”

ಮೈದಾನದ ಆಚೆ ಆಫೀಸರು ಆಗಲೇ ಜೀಪಿನ ಕಡೆ ನಡೆಯುತ್ತಿದ್ದರು. ಜಾಫರ್ ಹಿಂದಿರುಗಿ ಓಟ ಕಿತ್ತ.

“ಓಡಬ್ಯಾಡ್ಲೇ!” ಎಂದು ಕೂಗಿದರು ನಬೀ ಸಾಬ್ ಚಾಚಾ, ಐದು ತಿಂಗಳ ಅಭ್ಯಾಸದಿಂದ.

“ಓಡ್ಲಿ ಬಿಡ್ರಿ ಚಾಚಾ,” ಎಂದಳು ಮೆಹರ್ ಬಾನು.